ಓದಿದರೆ ಸಾಲದು, ಕೇಳಬೇಕು: ನ್ಯಾಯಮೂರ್ತಿ ಸಯ್ಯಿದ್ ಮಹ್ಮೂದ್

ಸರ್ ಸಯ್ಯಿದ್ ಅಹ್ಮದ್ ಖಾನರ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ನಮ್ಮ ಸಮುದಾಯದ ಶಿಕ್ಷಣದ ಬಗ್ಗೆ ಎಲ್ಲಿ ಸಭೆ ನಡೆದರೂ ಅಲೀಗಢದ ಮಾತು ಬಂದೇ ಬರುತ್ತದೆ. ಆದರೆ ಅವರ ಮಗ ಸಯ್ಯಿದ್ ಮಹ್ಮೂದರ ಹೆಸರು ನಮ್ಮ ವೇದಿಕೆಗಳಲ್ಲಿ ಕೇಳಿಬರುವುದು ತೀರಾ ಅಪರೂಪ. ಬ್ರಿಟಿಷ್ ಭಾರತದ ಹೈಕೋರ್ಟುಗಳಲ್ಲಿ ನ್ಯಾಯಾಧೀಶರಾದ ಮೊದಲ ಮುಸ್ಲಿಮರು ಅವರು. ಕ್ರಿಮಿನಲ್ ನ್ಯಾಯದ ಒಂದು ಬುನಾದಿಯ ಪ್ರಶ್ನೆಯನ್ನು ಅವರು ಒಂದು ಶತಮಾನಕ್ಕೂ ಹಿಂದೆಯೇ ಎತ್ತಿದ್ದರು. ಕಾನೂನು ಓದುತ್ತಿರುವವರು ಮಾತ್ರವಲ್ಲ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗಿ ಬಂದ ಯಾವ ಬಡವನೂ ತಿಳಿದಿರಬೇಕಾದ ಪ್ರಶ್ನೆ ಅದು.

ಒಂದು ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಿ. ಒಬ್ಬ ಮನುಷ್ಯ ಜೈಲಿನಲ್ಲಿದ್ದಾನೆ. ಕೆಳಗಿನ ಕೋರ್ಟು ಅವನಿಗೆ ಶಿಕ್ಷೆ ವಿಧಿಸಿದೆ. ಅವನು ಜೈಲಿನಿಂದಲೇ ಹೈಕೋರ್ಟಿಗೆ ಅಪೀಲು ಕಳಿಸಿದ್ದಾನೆ. ವಕೀಲರನ್ನು ಇಡಲು ಹಣವಿಲ್ಲ. ತಾನೇ ಬಂದು ನಿಲ್ಲೋಣವೆಂದರೆ ಜೈಲಿನ ಬಾಗಿಲು ತೆರೆಯುವುದಿಲ್ಲ. ನ್ಯಾಯಾಧೀಶರ ಮೇಜಿನ ಮೇಲೆ ಅವನ ಕಡತವಿದೆ. ಅದನ್ನು ಓದಿ, ಅಪೀಲು ವಜಾ ಎಂದು ಬರೆದುಬಿಟ್ಟರೆ ಕೆಲಸ ಮುಗಿಯಿತು. ಈಗ ಹೇಳಿ, ಆ ಮನುಷ್ಯನ ಮಾತನ್ನು ಯಾರಾದರೂ ಕೇಳಿದರೇ? ಮಹ್ಮೂದರನ್ನು ಕಾಡಿದ್ದು ಇದೇ ಪ್ರಶ್ನೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ತಿಳಿಯುವ ಮೊದಲು ಅವರ ಬದುಕನ್ನು ಸ್ವಲ್ಪ ನೋಡೋಣ.

ದಿಲ್ಲಿಯಿಂದ ಕೇಂಬ್ರಿಡ್ಜ್‌ಗೆ

ಸಯ್ಯಿದ್ ಮಹ್ಮೂದ್ ಹುಟ್ಟಿದ್ದು 1850ರ ಮೇ 24ರಂದು, ದಿಲ್ಲಿಯಲ್ಲಿ. ತಂದೆ ಸರ್ ಸಯ್ಯಿದ್ ಆಗ ಕಂಪೆನಿ ಸರಕಾರದ ನ್ಯಾಯಾಂಗದಲ್ಲಿ ನೌಕರಿಯಲ್ಲಿದ್ದರು. ಶಿಕ್ಷಣ ಸುಧಾರಕರೆಂದೇ ನಾವು ನೆನೆಯುವ ಸರ್ ಸಯ್ಯಿದರು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ತೀರ್ಪು ಬರೆಯುವುದಾಗಿತ್ತು ಎಂಬುದನ್ನು ನೆನಪಿಡಿ. ಕೋರ್ಟು, ಕಾನೂನು, ಸಾಕ್ಷಿ ಎಂಬ ಮಾತುಗಳು ಆ ಮನೆಯಲ್ಲಿ ದಿನನಿತ್ಯದ ಮಾತುಗಳಾಗಿದ್ದವು.

1857ರ ದಂಗೆಯ ವೇಳೆಗೆ ಮಹ್ಮೂದರಿಗೆ ಏಳು ವರ್ಷ. ದಿಲ್ಲಿ ಧ್ವಂಸವಾಯಿತು. ಅದರ ಬೆನ್ನಿಗೇ ತಂದೆ ದಂಗೆಯ ಕಾರಣಗಳ ಕುರಿತು ಒಂದು ಪುಸ್ತಕ ಬರೆದರು. ಆಳುವವರು ಆಳಿಸಿಕೊಳ್ಳುವವರ ಮಾತು ಕೇಳಲು ಯಾವ ದಾರಿಯನ್ನೂ ಇಟ್ಟಿರಲಿಲ್ಲ, ಕಾನೂನು ಮಾಡುವ ಸಭೆಯಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ, ದಂಗೆಗೆ ಅದೇ ದೊಡ್ಡ ಕಾರಣ ಎಂಬುದು ಅದರ ತಿರುಳು. ಜನರ ಮಾತು ಕೇಳದ ಸರಕಾರದ ಬಗ್ಗೆ ತಂದೆ ಬರೆದರು. ಮುಂದೆ ಕೈದಿಯ ಮಾತು ಕೇಳದ ಕೋರ್ಟಿನ ಬಗ್ಗೆ ಮಗ ಬರೆದರು.

1869ರಲ್ಲಿ ಮಹ್ಮೂದರಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರಿ ವಿದ್ಯಾರ್ಥಿವೇತನ ಸಿಕ್ಕಿತು. ತಂದೆಯೂ ಜೊತೆಗೇ ಹಡಗು ಹತ್ತಿದರು. ಮಗ ಲಂಡನ್ನಿನ ಲಿಂಕನ್ಸ್ ಇನ್ನಿನಲ್ಲಿ ಬ್ಯಾರಿಸ್ಟರ್ ಪದವಿಗೂ ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜಿಗೂ ಸೇರಿದರು. 1872ರಲ್ಲಿ ಬ್ಯಾರಿಸ್ಟರ್ ಆಗಿ ಊರಿಗೆ ಮರಳಿ ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಅರಬಿ, ಫಾರಸಿ ಮನೆಯಿಂದಲೇ ಬಂದಿದ್ದವು. ಇಂಗ್ಲಿಷ್ ಕಾನೂನು ಲಂಡನ್ನಿನಿಂದ ಬಂತು. ಈ ಎರಡೂ ವಿದ್ಯೆಗಳು ಒಬ್ಬನೇ ಮನುಷ್ಯನಲ್ಲಿ ಕೂಡಿದ್ದು ಅಂದಿನ ದಿನಗಳಲ್ಲಿ ಸಾಮಾನ್ಯ ಸಂಗತಿಯಲ್ಲ.

ಅಲೀಗಢದ ಕಾಲೇಜು ಹೇಗಿರಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿದ್ದೂ ಈ ತರುಣನೇ. ಕೇಂಬ್ರಿಡ್ಜಿನಲ್ಲಿ ತಾನು ಕಂಡಂತೆ ವಿದ್ಯಾರ್ಥಿಗಳು ಒಟ್ಟಿಗೆ ವಾಸಿಸಿ, ಒಟ್ಟಿಗೆ ಊಟ ಮಾಡಿ, ಗುರುಗಳ ಒಡನಾಟದಲ್ಲಿ ಕಲಿಯುವ ಸಂಸ್ಥೆ ಆಗಬೇಕೆಂದು ಅವರು 1873ರಲ್ಲಿ ಪ್ರಸ್ತಾಪ ಮುಂದಿಟ್ಟರು. 1875ರ ಮೇ 24ರಂದು ಅಲೀಗಢದ ಶಾಲೆ ಉದ್ಘಾಟನೆಯಾಯಿತು. ಅದು ಮಹ್ಮೂದರ ಇಪ್ಪತ್ತೈದನೆಯ ಹುಟ್ಟುಹಬ್ಬದ ದಿನ.

ಹೊಸ ಕಾನೂನು, ಹೊಸ ಜನ

ಮಹ್ಮೂದರ ಕೆಲಸದ ಬೆಲೆ ತಿಳಿಯಬೇಕಾದರೆ ಅವರ ಕಾಲದ ಕಾನೂನಿನ ಸ್ಥಿತಿ ನಿಮಗೆ ಗೊತ್ತಿರಬೇಕು. ಅದಕ್ಕೂ ಹಿಂದೆ ಬಂಗಾಳ ಪ್ರಾಂತ್ಯದ ಕಂಪೆನಿ ಕೋರ್ಟುಗಳಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಆಧಾರವಾಗಿದ್ದದ್ದು ಇಸ್ಲಾಮೀ ಅಪರಾಧ ಕಾನೂನು. ಕಂಪೆನಿ ಅದನ್ನು ತನ್ನ ನಿಬಂಧನೆಗಳ ಮೂಲಕ ಬೇಕಾದಂತೆ ತಿದ್ದುತ್ತಾ ಬಂದಿತ್ತು. ಕೋರ್ಟಿನಲ್ಲಿ ಕಾಝಿ, ಮುಫ್ತಿಗಳು ಕುಳಿತು ಫತ್ವಾ ಕೊಡುತ್ತಿದ್ದರು. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿದ್ದ ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. 1861ರಲ್ಲಿ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, 1872ರಲ್ಲಿ ಸಾಕ್ಷ್ಯ ಅಧಿನಿಯಮ ಬಂದವು.

ಈ ಮೂರು ಕಾನೂನುಗಳ ಕೆಲಸವನ್ನು ಹೀಗೆ ನೆನಪಿಡಿ. ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಏನು ಎಂಬುದನ್ನು ದಂಡ ಸಂಹಿತೆ ಹೇಳುತ್ತದೆ. ಆರೋಪಿಯನ್ನು ಹೇಗೆ ಹಿಡಿಯಬೇಕು, ಹೇಗೆ ವಿಚಾರಿಸಬೇಕು, ಅಪೀಲು ಹೇಗೆ ಎಂಬುದನ್ನು ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಯಾವ ಮಾತನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂಬುದನ್ನು ಸಾಕ್ಷ್ಯ ಕಾನೂನು ಹೇಳುತ್ತದೆ. 2024ರ ಜುಲೈ 1ರಿಂದ ಈ ಮೂರರ ಜಾಗದಲ್ಲಿ ಹೊಸ ಹೆಸರಿನ ಮೂರು ಸಂಹಿತೆಗಳು ಬಂದಿವೆ. ಆದರೆ ಮನೆಯ ಕಂಬಗಳು ಬಹುಮಟ್ಟಿಗೆ ಅವೇ.

ಇಂಗ್ಲಿಷಿನಲ್ಲಿದ್ದ ಈ ಕಾನೂನುಗಳು ಇಂಗ್ಲಿಷ್ ಬಾರದ ಜನರ ಕತ್ತಿನ ಮೇಲೆ ಕುಳಿತಿದ್ದವು. ಮಹ್ಮೂದರು ಸಾಕ್ಷ್ಯ ಕಾನೂನನ್ನು ಉರ್ದುವಿಗೆ ತಂದು ವಿವರಣೆ ಬರೆದರು. ಜನರಿಗೆ ಗೊತ್ತಿಲ್ಲದ ಕಾನೂನಿನಿಂದ ಜನರನ್ನು ಶಿಕ್ಷಿಸುವುದು ಸರಿಯಲ್ಲ ಎಂಬುದಕ್ಕೆ ಅವರು ಭಾಷಣ ಮಾಡಲಿಲ್ಲ, ಕೆಲಸ ಮಾಡಿದರು.

1879ರಲ್ಲಿ ಅವರು ಅವಧ್ ಪ್ರಾಂತ್ಯದ ರಾಯ್‌ಬರೇಲಿಯಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 1881ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗರು ಅಲ್ಲಿನ ನ್ಯಾಯಾಂಗದ ಸುಧಾರಣೆಗೆ ಅವರ ನೆರವು ಪಡೆದರು. ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಸೀಮೆಗಳೂ ಅದೇ ಸಂಸ್ಥಾನದಲ್ಲಿದ್ದವು. ಮರುವರ್ಷ, 1882ರಲ್ಲಿ, ಅವರನ್ನು ಅಲಹಾಬಾದ್ ಹೈಕೋರ್ಟಿನ ಹಂಗಾಮಿ ನ್ಯಾಯಾಧೀಶರನ್ನಾಗಿ ನೇಮಿಸಲಾಯಿತು. ಆ ಹೈಕೋರ್ಟಿನ ಪೀಠದಲ್ಲಿ ಕುಳಿತ ಮೊದಲ ಭಾರತೀಯ ಅವರೇ. ವಯಸ್ಸು ಮೂವತ್ತೆರಡು! ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಸದಸ್ಯರೂ ಆದರು. 1887ರಲ್ಲಿ ಹೈಕೋರ್ಟಿನ ಹುದ್ದೆ ಕಾಯಂ ಆಯಿತು.

ಆಮೀನ್ ಎಂದದ್ದು ಅಪರಾಧವೇ?

1885ರಲ್ಲಿ ಅವರ ಮುಂದೆ ಒಂದು ವಿಚಿತ್ರವಾದ ಕ್ರಿಮಿನಲ್ ಮೊಕದ್ದಮೆ ಬಂತು. ರಂಝಾನ್ ಎಂಬವನೂ ಅವನ ಸಂಗಡಿಗರೂ ಹನಫಿಗಳು ಸೇರುವ ಮಸೀದಿಯಲ್ಲಿ ನಮಾಝಿಗೆ ನಿಂತು, ಫಾತಿಹಾದ ಕೊನೆಗೆ ಗಟ್ಟಿಯಾಗಿ ಆಮೀನ್ ಹೇಳಿದ್ದರು. ಉಳಿದವರು ಮೆಲ್ಲಗೆ ಹೇಳುವ ಪದ್ಧತಿಯವರು. ಗಲಾಟೆಯಾಯಿತು. ಪ್ರಾರ್ಥನಾ ಸಭೆಗೆ ಬೇಕೆಂದೇ ಅಡ್ಡಿಪಡಿಸಿದರು ಎಂದು ದಂಡ ಸಂಹಿತೆಯ 296ನೆಯ ಕಲಮಿನಡಿ ಅವರಿಗೆ ಶಿಕ್ಷೆಯಾಯಿತು.

ನಮ್ಮ ಓದುಗರಿಗೆ ಈ ವ್ಯತ್ಯಾಸವನ್ನು ಹೊಸದಾಗಿ ವಿವರಿಸಬೇಕಿಲ್ಲ. ಭಟ್ಕಳ, ಮಂಗಳೂರುಗಳ ಶಾಫಿಈ ಮಸೀದಿಯಲ್ಲಿ ಆಮೀನ್ ಒಟ್ಟಾಗಿ ಮೊಳಗುತ್ತದೆ. ಘಟ್ಟದ ಮೇಲಿನ ಹನಫಿ ಮಸೀದಿಯಲ್ಲಿ ಅದು ತುಟಿಯೊಳಗೇ ಉಳಿಯುತ್ತದೆ. ಒಂದೇ ಮನೆಯಲ್ಲಿ ಎರಡೂ ರೀತಿಯ ಬಂಧುಗಳಿರುವುದುಂಟು. ಆದರೆ ಅಂದು ಇದೇ ವಿಷಯ ಜನರನ್ನು ಕೋರ್ಟಿಗೆ ಎಳೆದಿತ್ತು.

ಮಹ್ಮೂದರು ಈ ಪ್ರಕರಣವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅದನ್ನು ಪೂರ್ಣ ಪೀಠದ ಮುಂದೆ ಇಡಿಸಿದರು. ಅರಬಿ ಗ್ರಂಥಗಳನ್ನು ತಾವೇ ತೆರೆದು, ಇಮಾಮರುಗಳ ಅಭಿಪ್ರಾಯಗಳನ್ನು ಪರಿಶೀಲಿಸಿ, ಪ್ರತ್ಯೇಕವಾಗಿ ತಮ್ಮ ಅಭಿಪ್ರಾಯ ಬರೆದರು. ಅವರ ತರ್ಕ ಇಷ್ಟು: ಆಮೀನ್ ಹೇಳುವುದು ನಮಾಝಿನ ಭಾಗ. ಗಟ್ಟಿಯಾಗಿ ಹೇಳುವುದಕ್ಕೂ ಧರ್ಮಶಾಸ್ತ್ರದಲ್ಲಿ ಆಧಾರವಿದೆ. ಮಸೀದಿ ಅಲ್ಲಾಹನದು, ಒಂದು ಪಂಗಡದ ಸ್ವತ್ತಲ್ಲ. ತನಗೆ ಹಕ್ಕಿರುವ ಜಾಗದಲ್ಲಿ, ತನ್ನ ನಂಬಿಕೆಯಂತೆ, ಪ್ರಾಮಾಣಿಕವಾಗಿ ಪ್ರಾರ್ಥಿಸಿದವನನ್ನು ಅಪರಾಧಿ ಎನ್ನುವುದು ಹೇಗೆ? ಪಕ್ಕದವನಿಗೆ ಸಿಟ್ಟು ಬಂತು ಎಂಬ ಒಂದೇ ಕಾರಣಕ್ಕೆ ಒಂದು ಕೃತ್ಯ ಅಪರಾಧವಾಗುವುದಿಲ್ಲ.

ಕಾನೂನು ಓದುವ ಮಕ್ಕಳು ಇದನ್ನು ಗಮನಿಸಬೇಕು. ಅಪರಾಧವೆಂದರೆ ಕೃತ್ಯ ಮಾತ್ರವಲ್ಲ, ಅದರ ಹಿಂದಿನ ಮನಸ್ಸೂ ಹೌದು ಎಂಬುದು ಕ್ರಿಮಿನಲ್ ಕಾನೂನಿನ ಮೊದಲ ಪಾಠ. ಕೆಡುಕು ಮಾಡುವ ಉದ್ದೇಶ ಇದ್ದರೆ ಅದೇ ಕೂಗು ಅಪರಾಧವಾದೀತು, ಇಲ್ಲದಿದ್ದರೆ ಅದು ಪ್ರಾರ್ಥನೆ. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂದು ಮದ್ರಸದಲ್ಲಿ ಕಲಿತ ನಮಗೆ ಇದು ಅಪರಿಚಿತ ತತ್ವವಲ್ಲ.

ಕೈದಿಯ ಪರವಾಗಿ ಒಂಟಿ ದನಿ

ಈಗ ಆರಂಭದಲ್ಲಿ ಹೇಳಿದ ಕೈದಿಯ ಬಳಿಗೆ ಬರೋಣ. 1891ರಲ್ಲಿ ವರದಿಯಾದ ಪೋಹ್ಪಿ ಪ್ರಕರಣದಲ್ಲಿ ಪೂರ್ಣ ಪೀಠದ ಮುಂದಿದ್ದ ಪ್ರಶ್ನೆ ಅದೇ. ವಕೀಲರನ್ನು ಇಡಲಾಗದ ಕೈದಿಯ ಪ್ರಕರಣವನ್ನು ಕಾಗದಪತ್ರ ನೋಡಿಯೇ ತೀರ್ಮಾನಿಸಬಹುದೇ? ಜೊತೆಯ ನ್ಯಾಯಾಧೀಶರು ಮಹ್ಮೂದರ ವಾದವನ್ನು ಒಪ್ಪಲಿಲ್ಲ. ಮಹ್ಮೂದರು ಒಬ್ಬರೇ ನಿಂತು ಭಿನ್ನ ತೀರ್ಪು ಬರೆದರು.

ಕೇಳುವುದು ಬೇರೆ, ಓದುವುದು ಬೇರೆ ಎಂಬುದು ಅವರ ವಾದದ ತಿರುಳು. ಕಾನೂನು ಅಪೀಲನ್ನು ಕೇಳಬೇಕು ಎನ್ನುತ್ತದೆ. ಕೇಳಬೇಕಾದರೆ ಯಾರಾದರೂ ಮಾತಾಡಬೇಕು. ಅವನಾದರೂ ಮಾತಾಡಬೇಕು, ಅವನ ಪರವಾಗಿ ಇನ್ನೊಬ್ಬರಾದರೂ ಮಾತಾಡಬೇಕು. ಯಾರೂ ಬಾಯಿ ತೆರೆಯದ ಕೋಣೆಯಲ್ಲಿ ಕಡತದ ಹಾಳೆ ಮಗುಚಿದರೆ ಅದು ಓದಿದಂತಾಯಿತೇ ಹೊರತು ಕೇಳಿದಂತಾಗಲಿಲ್ಲ. ಜೈಲಿನಲ್ಲಿಟ್ಟು ಬರಗೊಡದೆ, ನೀನು ಬರಲಿಲ್ಲವಲ್ಲ ಎಂದು ಕೈದಿಗೆ ಹೇಳುವುದು ನ್ಯಾಯವಲ್ಲ.

ಈ ವಾದದ ಆಳ ಎಷ್ಟೆಂದು ಯೋಚಿಸಿ. ಕಡತದಲ್ಲಿರುವುದು ಪೊಲೀಸರು ಬರೆದದ್ದು, ಸಾಕ್ಷಿಗಳು ಹೇಳಿದ್ದು, ಕೆಳಗಿನ ಕೋರ್ಟು ನಂಬಿದ್ದು. ಅಲ್ಲಿ ಬಿಟ್ಟುಹೋದದ್ದು ಏನೆಂದು ಹೇಳಬಲ್ಲವನು ಆ ಕೈದಿ ಮಾತ್ರ. ಅವನ ಬಾಯಿಯನ್ನೇ ಮುಚ್ಚಿದರೆ ಕಡತ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ.

ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಅಲಿ(ರ)ಯವರನ್ನು ಯಮನಿಗೆ ನ್ಯಾಯಾಧೀಶರಾಗಿ ಕಳಿಸುವಾಗ ಕೊಟ್ಟ ಉಪದೇಶ ನಿಮಗೆ ನೆನಪಿರಬಹುದು. ಒಬ್ಬನ ಮಾತು ಕೇಳಿದ ಕೂಡಲೇ ತೀರ್ಪು ಕೊಡದೆ ಇನ್ನೊಬ್ಬನ ಮಾತನ್ನೂ ಕೇಳಬೇಕೆಂಬುದು ಅದರ ಆಶಯ. ಇಂಗ್ಲಿಷ್ ಕಾನೂನಿನ ಸಹಜ ನ್ಯಾಯದ ತತ್ವವೂ ಹೇಳುವುದು ಇದನ್ನೇ. ಎರಡೂ ದಡಗಳಿಂದ ಬಂದ ನೀರು ಮಹ್ಮೂದರ ಲೇಖನಿಯಲ್ಲಿ ಒಂದಾಯಿತು.

ಭಿನ್ನ ತೀರ್ಪಿನಿಂದ ಕೂಡಲೇ ಏನೂ ಆಗುವುದಿಲ್ಲ. ಬಹುಮತದ ತೀರ್ಪೇ ಜಾರಿಯಾಗುತ್ತದೆ. ಆದರೂ ಮಹ್ಮೂದರು ಸುಮ್ಮನಿರಲಿಲ್ಲ. ತನಗೆ ಸರಿ ಕಂಡದ್ದನ್ನು ಕಾರಣಸಹಿತ ಬರೆದಿಟ್ಟರೆ ಮುಂದಿನವರು ಓದಿಯಾರು ಎಂಬ ನಂಬಿಕೆಯಿಂದ ಬರೆಯುವಂಥದ್ದು ಅದು. ದೀರ್ಘವಾದ ಭಿನ್ನ ತೀರ್ಪುಗಳಿಗೆ ಅವರು ಹೆಸರಾಗಿದ್ದರು.

ಬಿದ್ದ ಬದುಕು

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆನ್ನಾಗಿರುತ್ತದೆ, ಆದರೆ ಪೂರ್ತಿ ನಿಜವಾಗಿರುವುದಿಲ್ಲ. ದೊಡ್ಡವರ ಬದುಕನ್ನು ಮಕ್ಕಳಿಗೆ ಹೇಳುವಾಗ ನಾವು ನೋವಿನ ಭಾಗವನ್ನು ಮುಚ್ಚಿಡುತ್ತೇವೆ. ಮಹ್ಮೂದರ ವಿಷಯದಲ್ಲಿ ಹಾಗೆ ಮಾಡುವುದು ಅವರಿಗೂ ನಿಮಗೂ ಅನ್ಯಾಯ.

ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಜಾನ್ ಎಡ್ಜರಿಗೂ ಮಹ್ಮೂದರಿಗೂ ಹೊಂದಿಕೆ ಇರಲಿಲ್ಲ. ತೀರ್ಪು ಬರೆಯುವುದರಲ್ಲಿ ವಿಳಂಬವಾಗುತ್ತಿದೆ, ಕುಡಿತ ಹೆಚ್ಚಾಗಿದೆ ಎಂದು ಎಡ್ಜ್ ಸರಕಾರಕ್ಕೆ ದೂರಿದರು. ಇಂಗ್ಲಿಷರ ನಡುವೆ ಸರಿಸಮನಾಗಿ ಕುಳಿತು ತಲೆಬಾಗದ ಭಾರತೀಯನನ್ನು ಸಹಿಸದ ಮನೋಭಾವ ಇದರ ಹಿಂದಿದೆ ಎಂಬ ನೋವು ಮಹ್ಮೂದರಲ್ಲಿತ್ತು. ಎರಡರಲ್ಲೂ ನಿಜಾಂಶವಿದ್ದಿರಬಹುದು. 1893ರಲ್ಲಿ ಅವರು ಹುದ್ದೆ ಬಿಟ್ಟರು. ವಯಸ್ಸು ಆಗ ನಲವತ್ತಮೂರು ಮಾತ್ರ.

ಕುಡಿತ ಅವರನ್ನು ಬಿಡಲಿಲ್ಲ. ಅದು ಸಂಸಾರವನ್ನೂ ತಟ್ಟಿತು. 1889ರಲ್ಲಿ ಹುಟ್ಟಿದ ಮಗ ರಾಸ್ ಮಸೂದ್ ಅಲೀಗಢ ಕಾಲೇಜಿನ ಥಿಯೊಡೋರ್ ಮಾರಿಸನ್ನರ ಆಶ್ರಯದಲ್ಲಿ ಬೆಳೆಯಬೇಕಾಯಿತು. ಅಷ್ಟು ದೊಡ್ಡ ಬುದ್ಧಿಯನ್ನು ಒಂದು ಚಟ ತಿಂದುಹಾಕಿತು. ಜ್ಞಾನ ಮನುಷ್ಯನನ್ನು ತಾನಾಗಿಯೇ ಕಾಪಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಆದರೂ ಆ ದಿನಗಳಲ್ಲೂ ಅವರು ಕೈಕಟ್ಟಿ ಕೂರಲಿಲ್ಲ. ಅಲೀಗಢದಲ್ಲಿ ಕಾನೂನು ತರಗತಿ ಬೇರೂರಲು ಅವರು ನೆರವಾಗಿದ್ದರು. ಹುದ್ದೆ ಬಿಟ್ಟ ಮೇಲೆ ಭಾರತದಲ್ಲಿ ಇಂಗ್ಲಿಷ್ ಶಿಕ್ಷಣದ ಇತಿಹಾಸವನ್ನು ಅಂಕಿ-ಅಂಶಗಳೊಂದಿಗೆ ಬರೆದರು. 1895ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಮುಸ್ಲಿಮರು ವಿದ್ಯೆಯಲ್ಲಿ ಎಷ್ಟು ಹಿಂದುಳಿದಿದ್ದಾರೆಂಬುದನ್ನು ಲೆಕ್ಕ ಹಾಕಿ ತೋರಿಸಿದರು. ನಮ್ಮಂಥ ಶಿಕ್ಷಣ ಸಂಸ್ಥೆಗಳು ಪ್ರತಿವರ್ಷ ಮಾಡುವ ಲೆಕ್ಕಾಚಾರಕ್ಕೆ ದಾರಿ ಹಾಕಿಕೊಟ್ಟವರಲ್ಲಿ ಅವರೂ ಒಬ್ಬರು.

1898ರ ಮಾರ್ಚಿನಲ್ಲಿ ಸರ್ ಸಯ್ಯಿದ್ ತೀರಿಕೊಂಡರು. ಮಹ್ಮೂದರು ಕಾಲೇಜಿನ ಕಾರ್ಯದರ್ಶಿಯಾದರು. ಆದರೆ ಆ ಹೊಣೆ ಹೊರುವ ಸ್ಥಿತಿಯಲ್ಲಿ ಅವರಿರಲಿಲ್ಲ. 1899ರಲ್ಲಿ ಟ್ರಸ್ಟಿಗಳು ಅವರನ್ನು ಬಿಡಿಸಿ ಮೊಹ್ಸಿನುಲ್ ಮುಲ್ಕರನ್ನು ಕಾರ್ಯದರ್ಶಿಯಾಗಿ ಆರಿಸಿದರು. 1903ರ ಮೇ 8ರಂದು ಸೀತಾಪುರದಲ್ಲಿ ಮಹ್ಮೂದರು ಕೊನೆಯುಸಿರೆಳೆದರು. ಅಲೀಗಢದ ಮಸೀದಿಯ ಆವರಣದಲ್ಲಿ, ತಂದೆಯ ಸಮೀಪದಲ್ಲೇ ಅವರ ಕಬರ್ ಇದೆ. ಮಗ ರಾಸ್ ಮಸೂದ್ ಮುಂದೆ ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು, ಆಮೇಲೆ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಉಪಕುಲಪತಿಯೂ ಆದರು.

ಅವರ ಪ್ರಶ್ನೆ ಸಾಯಲಿಲ್ಲ

ಮಹ್ಮೂದರು ಸೋತ ವಾದ ನಿಧಾನವಾಗಿ ಗೆದ್ದಿತು. 1950ರ ಸಂವಿಧಾನದ 22ನೆಯ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕು ಕೊಟ್ಟಿತು. 1973ರ ಪ್ರಕ್ರಿಯಾ ಸಂಹಿತೆ, ಸೆಶನ್ಸ್ ಕೋರ್ಟಿನಲ್ಲಿ ವಕೀಲರನ್ನಿಡಲು ಶಕ್ತಿಯಿಲ್ಲದ ಆರೋಪಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದಿತು. 1976ರಲ್ಲಿ ಉಚಿತ ಕಾನೂನು ನೆರವಿನ 39ಎ ವಿಧಿ ಸಂವಿಧಾನಕ್ಕೆ ಸೇರಿತು. 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೈಲಿನಲ್ಲಿರುವವನ ಅಪೀಲಿಗೆ ಕಾನೂನು ನೆರವು ಕೊಡುವುದು ಪ್ರಭುತ್ವದ ಕರ್ತವ್ಯ ಎಂದು ಸಾರಿತು. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಕಡೆಗೆ ದೇಶದ ಕಣ್ಣು ತೆರೆಸಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂತು.

ಹಾಗೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ಪ್ರತಿ ನಾಲ್ವರ ಪೈಕಿ ಸುಮಾರು ಮೂವರು ವಿಚಾರಣಾಧೀನರು. ಅಂದರೆ ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಅವರಲ್ಲಿ ಎಷ್ಟು ಮಂದಿಯ ಮಾತನ್ನು ನಿಜವಾಗಿ ಯಾರಾದರೂ ಕೇಳಿದ್ದಾರು?

ಆದ್ದರಿಂದ ವಿದ್ಯಾರ್ಥಿಗಳೇ, ಈ ಕೆಲವು ವಿಷಯಗಳನ್ನು ನೆನಪಿಟ್ಟುಕೊಂಡು ನಿಮ್ಮ ಓಣಿಯವರಿಗೂ ತಿಳಿಸಿ. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ, ಅವನ ವರಮಾನ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯಲು ಅರ್ಹತೆಯಿದೆ. ಮಹಿಳೆಯರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ ತಾಲೂಕು ಮಟ್ಟದಲ್ಲಿ ಅದರ ಸಮಿತಿಯೂ ಇವೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ಮಾರ್ಗದರ್ಶನ ಸಿಗುತ್ತದೆ. ಮಗ ಜೈಲಿಗೆ ಹೋದನೆಂದು ಒಡವೆ ಅಡವಿಟ್ಟು ದಲ್ಲಾಳಿಗಳ ಹಿಂದೆ ಅಲೆಯುವ ತಾಯಂದಿರಿಗೆ ಈ ಒಂದು ಮಾತು ತಲುಪಿದರೂ ಸಾಕು.

ನಮ್ಮ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಬೇಕೆಂದು ನಾವು ಆಸೆಪಡುತ್ತೇವೆ. ಆಗಲಿ, ಒಳ್ಳೆಯದು. ಜೊತೆಗೆ ಕೆಲವರು ಕಾನೂನನ್ನೂ ಓದಲಿ. ಬಾಯಿಲ್ಲದವನ ಪರವಾಗಿ ಕೋರ್ಟಿನಲ್ಲಿ ಎದ್ದು ನಿಂತು ಮಾತಾಡುವುದೂ ಒಂದು ಇಬಾದತ್. ಯಾವ ಮತದವನು, ಯಾವ ಜಾತಿಯವನು ಎಂದು ಅಲ್ಲಿ ನೋಡುವಂತಿಲ್ಲ. ಪೋಹ್ಪಿಯ ಪ್ರಕರಣದಲ್ಲಿ ಲೇಖನಿ ಎತ್ತಿದಾಗ ಮಹ್ಮೂದರೂ ಅದನ್ನು ನೋಡಲಿಲ್ಲ. ಒಬ್ಬ ಮನುಷ್ಯನ ಮಾತನ್ನು ಕೇಳದೆ ಅವನ ಹಣೆಬರಹ ಬರೆಯಬಾರದು ಎಂದಷ್ಟೇ ಅವರು ಹಟ ಹಿಡಿದರು. ಮನೆಯಲ್ಲಿ, ತರಗತಿಯಲ್ಲಿ, ಜಮಾಅತಿನಲ್ಲಿ ಯಾರ ಮೇಲಾದರೂ ದೂರು ಬಂದಾಗ ನಾವೂ ಇಷ್ಟು ಮಾಡೋಣ. ತೀರ್ಮಾನಿಸುವ ಮೊದಲು ಅವನನ್ನು ಕರೆದು ಕೂರಿಸಿ, ಅವನ ಮಾತು ಕೇಳೋಣ.